ನೈದಿಲೆ ನಡೆಯಲಿಲ್ಲ

ಹೊಳೆದಂಡೆಯ ಹೆಂಚಿನ ಮನೆಯಲ್ಲಿ ಚಿಕ್ಕತಮ್ಮಯ್ಯ ಎಂಬ ಹೊಲಿಗೆ ಮೇಷ್ಟ್ರಿದ್ದರು. ಮಾತು ಕಡಿಮೆ, ಕತ್ತರಿ ಹರಿತ.

ಅವರ ಶಿಷ್ಯೆ ಧಾರಿಣಿಗೆ ನಗರದ ದೊಡ್ಡ ಫ್ಯಾಷನ್ ಶೋದಲ್ಲಿ ಮೊದಲ ಸಲ ಅವಕಾಶ ಸಿಕ್ಕಿತ್ತು. ಮೂರು ತಿಂಗಳು ಕೂತು ನೈದಿಲೆ ಹೂವಿನಂಥ ಉಡುಪು ಹೊಲಿದಿದ್ದಳು. ನಾನೂರು ರೇಷ್ಮೆ ಎಸಳು; ಬಾಗದಿರಲೆಂದು ಪ್ರತಿ ಎಸಳಿನೊಳಗೂ ತಂತಿ.

ಶೋಗೆ ಎರಡೇ ದಿನ ಉಳಿದಿತ್ತು. ಅದನ್ನು ತೊಟ್ಟು ರ‍್ಯಾಂಪ್ ಮೇಲೆ ನಡೆಯಬೇಕಾದ ದೇಚಮ್ಮನನ್ನು ಕರೆದುಕೊಂಡು ಧಾರಿಣಿ ಗುರುಗಳ ಅಂಗಳಕ್ಕೆ ಬಂದಳು.

ದೇಚಮ್ಮ ನಡೆದಳು. ಎಡವಿದಳು. ಮತ್ತೆ ನಡೆದಳು, ಮತ್ತೆ ಎಡವಿದಳು.

ಒಂಬತ್ತನೇ ಸಲಕ್ಕೆ ಧಾರಿಣಿಯ ತಾಳ್ಮೆ ಕೆಟ್ಟಿತು. "ಎಷ್ಟು ಸಲ ಹೇಳಲಿ? ಹೂವಿನ ಹಾಗೆ ನಡಿ!"

"ಹೂವು ನಡೆಯೋದನ್ನ ನಾನು ನೋಡೇ ಇಲ್ಲ ಅಕ್ಕಾ," ಎಂದಳು ದೇಚಮ್ಮ. ಕಣ್ಣಲ್ಲಿ ನೀರಿತ್ತು.

ಧಾರಿಣಿ ಮೇಷ್ಟ್ರ ಕಡೆ ತಿರುಗಿದಳು. "ನೀವಾದರೂ ಹೇಳಿ ಸಾರ್. ಇವಳಿಗೆ ನಡೆಯೋಕೇ ಬರಲ್ಲ."

"ನೀನು ತೊಟ್ಕೊ."

"ನಾನಾ?"

"ತೊಟ್ಕೊಂಡು ಹೊಳೆಯಿಂದ ಒಂದು ಬಿಂದಿಗೆ ನೀರು ತಾ."

ಇದೆಂಥ ತಲೆಹರಟೆ ಎಂದು ಧಾರಿಣಿ ಹಲ್ಲು ಕಚ್ಚಿದಳು. ಆದರೆ ಗುರುಗಳ ಮಾತು ಮೀರಿದವಳಲ್ಲ.

ಬಿಂದಿಗೆ ಸೊಂಟಕ್ಕೆ ಕೂರಲಿಲ್ಲ. ತೋಳು ಎತ್ತಿದರೆ ತಂತಿ ಕಂಕುಳಿಗೆ ಚುಚ್ಚಿತು. ಕಾಲಿಟ್ಟ ಜಾಗ ಕಾಣಲಿಲ್ಲ. ಮೆಟ್ಟಿಲಲ್ಲಿ ಜಾರಿ, ನಾನೂರು ಎಸಳುಗಳ ಸಮೇತ ಸೊಂಟದುದ್ದ ನೀರಿನಲ್ಲಿ ಕುಳಿತುಬಿಟ್ಟಳು. ಬಿಂದಿಗೆ ತೇಲಿಕೊಂಡು ಹೋಯಿತು.

ದೇಚಮ್ಮ ಓಡಿಬಂದು ಕೈಹಿಡಿದು ಎತ್ತಿದಳು. "ನೋವಾಯ್ತಾ ಅಕ್ಕಾ?"

ಧಾರಿಣಿ ಒದ್ದೆ ಉಡುಪನ್ನು ಕಳಚಿ, ತನ್ನ ಬಟ್ಟೆ ಉಟ್ಟು ಬಂದು, ಜಗಲಿಯ ಮೇಲೆ ಧೊಪ್ಪನೆ ಕುಳಿತಳು.

"ಕತ್ತರಿ ಕೊಡಿ," ಎಂದಳು ಸಿಟ್ಟಿನಿಂದ.

ಮೇಷ್ಟ್ರು ಅದನ್ನು ಆಗಲೇ ಕೈಯಲ್ಲಿ ಹಿಡಿದಿದ್ದರು.

ಒಂದೊಂದೇ ತಂತಿ ಎಳೆದು ಬಿಸಾಡುವುದರಲ್ಲಿ ಮಧ್ಯಾಹ್ನ ಕಳೆಯಿತು. ದೇಚಮ್ಮನೂ ಪಕ್ಕದಲ್ಲಿ ಕೂತು ಎಳೆದಳು. ಬಿಸಿಲಿಗೆ ಒಣಗಿದ ಉಡುಪನ್ನು ಸಂಜೆ ದೇಚಮ್ಮ ಮತ್ತೆ ತೊಟ್ಟಳು.

ಈ ಸಲ ಎಡವಲಿಲ್ಲ. ಮರಳ ಮೇಲೆ ನಾಲ್ಕು ಹೆಜ್ಜೆ ನಡೆದಳು. ಗಾಳಿ ಬೀಸಿತು, ಎಸಳುಗಳು ಒಮ್ಮೆಲೇ ಎದ್ದು ಇಳಿದವು. ದೇಚಮ್ಮನಿಗೆ ನಗು ಬಂತು. ತೋಳು ಚಾಚಿ, ಗಿರ್ರನೆ ತಿರುಗಿ, ನೀರಿನಂಚಿಗೆ ಓಡಿದಳು.

ಧಾರಿಣಿ ಗುರುಗಳ ಮುಂದೆ ಬಂದು ನಿಂತಳು.

"ಎಸಳೆಲ್ಲ ಜೋತುಬಿದ್ದಿವೆ ಸಾರ್. ಒಂದೊಂದಕ್ಕೂ ಎಷ್ಟು ಸಣ್ಣ ಹೊಲಿಗೆ ಹಾಕಿದ್ದೆ ಗೊತ್ತಾ? ಇನ್ನು ನನ್ನ ಕೈಕೆಲಸ ಯಾರ ಕಣ್ಣಿಗೆ ಬೀಳುತ್ತೆ?"

"ಸ್ವಲ್ಪ ಪಕ್ಕಕ್ಕೆ ಸರಿಯಮ್ಮ," ಎಂದರು ಮೇಷ್ಟ್ರು, ಕತ್ತು ಉದ್ದ ಮಾಡಿ. "ಹುಡುಗಿ ಕಾಣ್ತಿಲ್ಲ."