ಸೊಟ್ಟ ಕಾಲುವೆ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಮುರಗಯ್ಯಜ್ಜನವರ ಬಳಿ ಲೊರೆಂಟ್ಸ್ ಎಂಬ ಜರ್ಮನ್ ಶಿಷ್ಯನಿದ್ದ.

ಜರ್ಮನ್ ಆದರೂ ಅವನ ಕನ್ನಡಕ್ಕೆ ಕುಂದಿರಲಿಲ್ಲ. ಧಾರವಾಡದ ಕಡೆಯ ಪಾದ್ರಿಯೊಬ್ಬನ ಮಗ. ಗೋಲಿ ಆಡಿದ್ದು, ಬೈಸಿಕೊಂಡದ್ದು ಎಲ್ಲ ಕನ್ನಡದಲ್ಲೇ. ಓದಲೆಂದು ತಂದೆಯ ದೇಶಕ್ಕೆ ಹೋದಾಗ ಮಹಾಯುದ್ಧ ಬಂತು. ಅವನನ್ನು ಹಿಡಿದು ಕಾಲಾಳುಗಳ ಡಿವಿಷನ್ ಒಂದಕ್ಕೆ ಸೇರಿಸಿದರು.

ನಾಲ್ಕು ವರ್ಷ ಫ್ರಾನ್ಸಿನ ಕಂದಕಗಳಲ್ಲಿ ಇಲಿಯ ಹಾಗೆ ಬದುಕಿದ. ಮೈಮೇಲೆ ಒಂದೂ ಗಾಯವಿಲ್ಲದೆ ತಿರುಗಿ ಬಂದ. ಊರವರು ಪುಣ್ಯವಂತ ಎಂದರು. ಜನರ ಬಾಯಿಗೇನು, ಏನಾದರೂ ಅನ್ನುತ್ತದೆ. ಅವನು ಬಾಗಿಲು ಬಡಿದ ಸದ್ದಿಗೂ ಬೆಚ್ಚಿಬೀಳುತ್ತಿದ್ದ. ನೆಮ್ಮದಿ ಅರಸಿ ಮಠಕ್ಕೆ ಬಂದು ಅಜ್ಜನ ಶಿಷ್ಯನಾದ.

ಯುದ್ಧ ಮುಗಿದು ಹತ್ತು ವರ್ಷದ ಮೇಲೆ ಜರ್ಮನಿಯಿಂದ ಒಂದು ಕಾಗದ ಬಂತು. ಬದುಕುಳಿದ ಸಂಗಾತಿಗಳು ಸೇರಿ ಡಿವಿಷನ್ನಿನ ಇತಿಹಾಸ ಬರೆಸುತ್ತಿದ್ದರು. ಲೊರೆಂಟ್ಸನ ತುಕಡಿಯಲ್ಲಿ ಉಳಿದವನು ಅವನೊಬ್ಬನೇ. ಆ ತುಕಡಿಯ ಅಧ್ಯಾಯ ಅವನೇ ಬರೆಯಬೇಕು.

ಕಾಗದದ ಕೊನೆಗೆ ಇನ್ನೊಂದು ಮಾತಿತ್ತು. ಅವನ ಗೆಳೆಯ ಕಾಸ್ಪರನ ತಾಯಿ ಇನ್ನೂ ಇದ್ದಾಳೆ. ಮಗನ ಕೊನೆಯ ದಿನ ಹೇಗೆ ಕಳೆಯಿತೆಂದು ಓದಿ ತಿಳಿಯಲು ಕಾದಿದ್ದಾಳೆ.

ಲೊರೆಂಟ್ಸ್ ಬರೆಯತೊಡಗಿದ. ಯಾವ ಗುಡ್ಡ ಹಿಡಿದರು, ಯಾವ ಗುಡ್ಡ ಬಿಟ್ಟರು, ಎಲ್ಲಿ ಫಿರಂಗಿ ಗುಂಡುಗಳು ಸುರಿದವು, ಎಲ್ಲಿ ವಿಷದ ಗಾಳಿ ಬಂತು, ಎಲ್ಲ ಸರಾಗವಾಗಿ ಬಂತು. ಕಾಸ್ಪರ್ ಸತ್ತ ದಿನದ ಪುಟಕ್ಕೆ ಬಂದಾಗ ಲೇಖನಿ ನಿಂತಿತು. ಎಂಟು ದಿನವಾದರೂ ನಿಂತೇ ಇತ್ತು.

"ಯಾಕ ತಮ್ಮಾ, ಮಸಿ ಆರಿ ಹೋತೇನು?" ಎಂದು ಅಜ್ಜ ಕೇಳಿದರು.

"ಆ ದಿನ ನೆನಸಿದ್ರ ಅಂಜಿಕಿ ಬರ್ತದರಿ ಅಜ್ಜಾರ. ಅಂಜಿಕಿ ಹೋಗಲಿ, ಆಮ್ಯಾಲ ಬರೀತೀನಿ."

ಅಜ್ಜ ವಾದಕ್ಕಿಳಿಯಲಿಲ್ಲ. ಮೂಲೆಯಲ್ಲಿದ್ದ ಸಲಿಕೆ ತಂದು ಅವನ ಕೈಗಿಟ್ಟರು.

"ಬದನಿ ಗಿಡಕ್ಕ ನೀರು ಹೊತ್ತು ಹಾಕೂದು ಸಾಕಾತು. ಬಾವಿ ಕಟ್ಟೀಂದ ತ್ವಾಟಕ್ಕ ಒಂದು ಕಾಲುವಿ ತಗಿ."

ಲೊರೆಂಟ್ಸನಿಗೆ ಜೀವ ಬಂದಂತಾಯಿತು. ಬರೆಯುವುದು ತಪ್ಪಿತಲ್ಲ! ಅಗೆಯುವುದೆಂದರೆ ಅವನ ಕೈಗೆ ಪಳಗಿದ ಕೆಲಸ. ಮುಂಜಾನೆ ಹೋದರೆ ಸಂಜೆಗೇ ಬರುತ್ತಿದ್ದ.

ತೋಟದ ಆಳು ಫಕೀರಪ್ಪ ಆಗ ಬೀಗರ ಊರಿಗೆ ಹೋಗಿದ್ದ. ಹನ್ನೆರಡು ದಿನದ ಮೇಲೆ ತಿರುಗಿ ಬಂದವನು ತೋಟ ನೋಡಿ ನೇರ ಮಠಕ್ಕೆ ಓಡಿದ.

"ಅಜ್ಜಾರ, ಬರ್ರಿ, ನೋಡ್ರಿ! ಕಾಲುವಿ ತಗಿ ಅಂದ್ರ ಇಂವ ಆನಿ ಹೂಳೂ ಕುಣಿ ತಗದಾನ. ಗಿಡ ಮ್ಯಾಲ, ನೀರು ಪಾತಾಳದಾಗ!"

ಅಜ್ಜ ಹೋಗಿ ನೋಡಿದರು. ಕಾಲುವೆ ಆಳುದ್ದ ಆಳವಿತ್ತು. ಹತ್ತು ಹೆಜ್ಜೆ ಹೋಗಿ ಮಗ್ಗುಲಿಗೆ ತಿರುಗುತ್ತಿತ್ತು, ಮತ್ತೆ ಹತ್ತು ಹೆಜ್ಜೆ ಹೋಗಿ ಇನ್ನೊಂದು ಮಗ್ಗುಲಿಗೆ. ಒಳಗೆಲ್ಲೋ ಸಲಿಕೆಯ ಸದ್ದು ಬರುತ್ತಿತ್ತು. ಶಿಷ್ಯನ ತಲೆ ಕೂಡ ಕಾಣುತ್ತಿರಲಿಲ್ಲ.

ಫಕೀರಪ್ಪನ ಕೈ ಹಿಡಿದು ಅಜ್ಜ ಒಳಗಿಳಿದರು.

"ಇಷ್ಟ್ಯಾಕ ಸೊಟ್ಟ ತಗದಿ ತಮ್ಮಾ?"

"ನೆಟ್ಟಗಿದ್ರ, ಗುಂಡು ಬಿದ್ದಾಗ ಈ ತುದೀಂದ ಆ ತುದಿ ತನಕ ಎಲ್ಲಾರೂ ಸಾಯ್ತಾರ್ರಿ. ಸೊಟ್ಟ ಇದ್ರ ಆ ಒಂದು ಮೂಲ್ಯಾಗಿನವರು ಅಷ್ಟ."

"ಬದನಿಕಾಯಿ ಮ್ಯಾಲ ಗುಂಡು ಹಾಕವರು ಯಾರಪಾ?"

ಲೊರೆಂಟ್ಸ್ ಕಾಲುವೆಯ ಎರಡೂ ಗೋಡೆ ನೋಡಿದ. ತಾನೇನು ಅಗೆದಿದ್ದೇನೆಂದು ಅವನಿಗೆ ಆಗ ತಿಳಿಯಿತು. ನಾಚಿಕೆಯಿಂದ ಸಲಿಕೆ ಕೆಳಗಿಟ್ಟ.

ಅಷ್ಟರಲ್ಲಿ ಹೊಳೆಯಾಚೆ ಢಂ ಎಂದಿತು. ಅಲ್ಲಿ ಬಾವಿ ತೋಡುವವರು ಬಂಡೆಗೆ ಮದ್ದು ಇಟ್ಟು ಸಿಡಿಸಿದ್ದರು. ಹೆದರಿದವನ ಮೇಲೆ ಕಪ್ಪೆ ಎಸೆದಂತಾಯಿತು. ಲೊರೆಂಟ್ಸ್ ಬೋರಲು ಬಿದ್ದು ಮಣ್ಣಿಗೆ ಮುಖ ಒತ್ತಿದ.

ಎಪ್ಪತ್ತು ದಾಟಿದ ಅಜ್ಜ ಅದೇ ಮಣ್ಣಿನಲ್ಲಿ ಅವನ ಪಕ್ಕ ಮಲಗಿದರು.

ಕೊನೆಗೆ ಲೊರೆಂಟ್ಸನೇ ಮಾತೆತ್ತಿದ.

"ಕಾಸ್ಪರ್ ಗುಂಡು ಬಡದು ಕಂದಕದ ಹೊರಗ ಬಿದ್ದಿದ್ದರಿ. ಮುಳ್ಳುತಂತಿ ಹತ್ತರ. ಮುಂಜಾನಿಂದ ನೀರು, ನೀರು ಅಂತಿದ್ದ. ನನ್ನ ಹೆಸರು ಹಿಡದು ಕರದ. ನೀರಿನ ಬಾಟ್ಲಿ ನನ್ನ ಕೈಯಾಗ ಇತ್ತರಿ."

"ಎಷ್ಟು ದೂರ?"

"ನಲವತ್ತು ಹೆಜ್ಜಿ. ನಾ ಹೋಗಲಿಲ್ಲರಿ. ಕಿವಿ ಮುಚಗೊಂಡು ಕುಂತೆ. ಹೊತ್ತು ಮುಳಗೂದ್ರಾಗ ಅಂವ ಸುಮ್ಮನಾದ."

"ಆ ದಿನದ ಬಗ್ಗೆ ಕಾಗದ ಕಳಿಸಿದವರು ಏನು ಬರಿ ಅಂದಾರ?"

"ನಮ್ಮ ತುಕಡಿ ಜಾಗಾ ಬಿಟ್ಟು ಕದಲಲಿಲ್ಲ, ಅಂತ ಬರಿ ಅಂದಾರ್ರಿ."

ಅಜ್ಜ ಎದ್ದು ಮೈಯ ಮಣ್ಣು ಕೊಡವಿಕೊಂಡರು. ಫಕೀರಪ್ಪನ ಕೈ ಹಿಡಿದು ಮೇಲೆ ಹತ್ತಿದರು. ಬದನೆ ಸಾಲಿನ ನಡುವೆ ಎಣಿಸಿಕೊಂಡು ನಡೆದರು. ನಲವತ್ತಕ್ಕೆ ನಿಂತು, ತಲೆಯ ಮೇಲಿನ ಬಟ್ಟೆ ತೆಗೆದು, ಸುಡುವ ಬಿಸಿಲಲ್ಲಿ ಕುಳಿತುಬಿಟ್ಟರು.

"ತಮ್ಮಾ, ನೀರು ತಾ."

ಲೊರೆಂಟ್ಸನ ಕಾಲ ಬಳಿಯೇ ಕುಡಿಯುವ ನೀರಿನ ತಂಬಿಗೆ ಇತ್ತು. ಅವನು ಅದನ್ನು ನೋಡಿದ, ಮುಟ್ಟಲಿಲ್ಲ.

ಫಕೀರಪ್ಪ ಬಾವಿಯ ಕಡೆ ಓಡಿದ. ಅಜ್ಜ ಕೈ ಎತ್ತಿ ತಡೆದರು.

"ಲೊರೆಂಟ್ಸಾ, ನೀರು!"

ಹೊಳೆಯಾಚೆಯಿಂದ ಕೂಗು ಕೇಳಿತು: "ಇನ್ನೊಂದಕ್ಕ ಬೆಂಕಿ ಹಚ್ಚೀವಿ! ದೂರ ಸರೀರೋ!"

ಇದು ಮಠದ ತೋಟ, ಇಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ ಎಂದು ಲೊರೆಂಟ್ಸನಿಗೆ ಗೊತ್ತಿತ್ತು. ಗೊತ್ತಿದ್ದು ಏನು ಮಾಡುವುದು, ಮೈ ಮಾತು ಕೇಳಬೇಕಲ್ಲ. ಬೆನ್ನು ಗೋಡೆಗೆ ಅಂಟಿಕೊಂಡಿತ್ತು. ಅವನ ಎರಡೂ ಕೈ ಕಿವಿಯ ಹತ್ತಿರ ಹೋದವು.

"ನೀರು..."

ಈ ಸಲದ ಕರೆ ಒಣಗಿತ್ತು. ಮುಪ್ಪಿನ ಗಂಟಲು, ತಲೆಯ ಮೇಲೆ ಉರಿಬಿಸಿಲು. ಆ ದನಿ ಸುಮ್ಮನಾದರೆ ತಾನಿನ್ನು ಬದುಕಲಾರೆ ಎನ್ನಿಸಿತು ಲೊರೆಂಟ್ಸನಿಗೆ.

ಅಳುತ್ತಲೇ ತಂಬಿಗೆ ಎತ್ತಿಕೊಂಡ. ಮಣ್ಣಿಗೆ ಉಗುರು ಊರಿ ಮೇಲೆ ಹತ್ತಿದ. ಬಗ್ಗಿ ಬಗ್ಗಿ ನಡೆದ.

ಅರ್ಧ ದಾರಿಗೆ ಬಂದಾಗ ಎರಡನೆಯ ಮದ್ದು ಸಿಡಿಯಿತು.

ಅವನು ಬದನೆ ಗಿಡಗಳ ಮೇಲೆ ಬಿದ್ದ. ತಂಬಿಗೆ ಹಿಡಿದ ಕೈ ಮಾತ್ರ ಮೇಲಿತ್ತು. ಹಿಂದೆ ತಿರುಗಿ ಕಂದಕ ನೋಡಿದ. ಇಪ್ಪತ್ತೇ ಹೆಜ್ಜೆ. ಮುಂದೆಯೂ ಇಪ್ಪತ್ತೇ ಹೆಜ್ಜೆ.

ಫಕೀರಪ್ಪನಿಗೆ ತಮಾಷೆ ಮರೆತು ಹೋಗಿತ್ತು.

ಲೊರೆಂಟ್ಸ್ ಏಳಲಿಲ್ಲ. ಮೊಣಕೈ ಊರಿ, ಹೊಟ್ಟೆಯ ಮೇಲೆ ತೆವಳಿ, ಮುಂದೆಯೇ ಹೋದ.

ಅಜ್ಜನ ಬಳಿ ಮುಟ್ಟಿದಾಗ ತಂಬಿಗೆಯಲ್ಲಿ ಎರಡು ಗುಟುಕು ನೀರು ಉಳಿದಿತ್ತು. ಅಜ್ಜ ಅದನ್ನು ನಿಧಾನವಾಗಿ ಕುಡಿದರು. ಬಾಯಿ ಒರೆಸಿಕೊಂಡು, ಅವನ ಬೆನ್ನ ಮೇಲೆ ಕೈಯಿಟ್ಟರು.

"ಅಂಜಿಕಿ ಹೋತೇನು?"

"ಇಲ್ಲರಿ ಅಜ್ಜಾರ. ಹಂಗ ಐತ್ರಿ."

"ಹಂಗಾದ್ರ ಲಗೂನ ಹೋಗು ತಮ್ಮಾ. ಅದು ಇರೂವಾಗನ ಆ ಪುಟ ಬರದು ಬಿಡು."