ಕೂಸಿನ ಹೆಸರು

ಮಾತೋಶ್ರೀ ಚನ್ನವೀರಮ್ಮನವರು ತಮ್ಮ ಕೊನೆಯ ಹನ್ನೆರಡು ವರ್ಷಗಳನ್ನು ಕಳೆದದ್ದು ನಮ್ಮ ಊರಿನ ಹತ್ತಿ ಮಾರುಕಟ್ಟೆಯ ಹಿಂದಿದ್ದ ಒಂದು ತಗಡಿನ ಕೋಣೆಯಲ್ಲಿ. ಭಕ್ತರು ಅದನ್ನು ಆಶ್ರಮವೆಂದು ಕರೆದರು. ತಾಯಿಯವರು ಮಾತ್ರ ಕಡೆಯವರೆಗೂ ‘ನನ್ನ ಖೋಲಿ’ ಎಂದೇ ಅನ್ನುತ್ತಿದ್ದರು. ಒಂದು ಚಾಪೆ, ಎರಡು ಸೀರೆ, ಕೊರಳಲ್ಲಿ ಇಷ್ಟಲಿಂಗ. ಇವಿಷ್ಟೇ ಅವರ ಸಂಸಾರ. ಬಂದವರಿಗೆ ಅವರು ಉಪದೇಶ ಮಾಡಿದ್ದನ್ನು ನಾನು ಕಂಡಿಲ್ಲ. ಕೇಳಿಸಿಕೊಳ್ಳುತ್ತಿದ್ದರು, ಅಷ್ಟೇ.

ಒಂದು ಶ್ರಾವಣದ ಬೆಳಿಗ್ಗೆ ಅಲ್ಲಿಗೆ ರಾಚಪ್ಪ ಕುಂದರಗಿ ಎಂಬ ವಕೀಲರು ಬಂದರು. ಹೊಸ ಮಧ್ಯಸ್ಥಿಕೆ ಕಾನೂನು ಬಂದ ಮೇಲೆ ನ್ಯಾಯಾಲಯವು ರಾಜಿಗೆ ಕಳಿಸುವ ಪ್ರಕರಣಗಳನ್ನು ನಡೆಸಿಕೊಡುವವರಲ್ಲಿ ಅವರ ಹೆಸರು ಮೊದಲಿಗಿತ್ತು. ಬೇಗ ಮುಗಿಸುತ್ತಾರೆ ಎಂಬ ಕೀರ್ತಿ. ದೇವರು, ಸ್ವಾಮಿಗಳು ಎಂದರೆ ಅವರಿಗೆ ನಂಬಿಕೆಯಿರಲಿಲ್ಲ. ಆದರೂ ಬಂದದ್ದಕ್ಕೆ ಕಾರಣ, ಜೊತೆಯಲ್ಲಿದ್ದ ದಂಪತಿಗಳು. ಗಂಡ ಫಕೀರೇಶ, ಹೆಂಡತಿ ನೀಲಾಂಬಿಕಾ. ಪರಸ್ಪರ ಕ್ರೌರ್ಯದ ಆರೋಪ ಹೊರಿಸಿ ವಿಚ್ಛೇದನದ ಅರ್ಜಿ ಹಾಕಿದ್ದರು. ವಕೀಲರ ಮುಂದೆ ಆರು ಸಲ ಕೂತರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. “ಅವ್ವಾರ ಮುಂದಾದ್ರ ನಾನು ಮಾತಾಡ್ತೀನಿ” ಎಂದು ನೀಲಾಂಬಿಕಾ ಹೇಳಿದಳು, ಫಕೀರೇಶ ಒಪ್ಪಿದ. ಇಬ್ಬರೂ ಒಪ್ಪಿದ ಜಾಗದಲ್ಲಿ ಕೂರಲು ಕಾನೂನಿನ ಅಡ್ಡಿಯಿಲ್ಲ. ನ್ಯಾಯಾಲಯ ಕೊಟ್ಟ ಅವಧಿ ಮುಗಿಯಲು ಎಂಟೇ ದಿನ ಉಳಿದಿದ್ದರಿಂದ ವಕೀಲರೂ ಒಲ್ಲದ ಮನಸ್ಸಿನಿಂದ ಹೊರಟು ಬಂದಿದ್ದರು.

ಅವರು ನಿಂತುಕೊಂಡೇ ವಿಷಯ ತಿಳಿಸಿದರು. “ನೋಡ್ರಿ ಅಮ್ಮಾರ, ಎಲ್ಲಾ ಒಪ್ಪಂದ ಆಗೇದ. ಐದನೇ ಕಲಂ ಒಂದು ಉಳದದ. ತೀರಿಕೊಂಡ ಮಗುವಿನ ಸಾಮಾನು ಯಾರಿಗೆ ಅಂತ. ಅಂಗಿ-ಅರಿವಿ ತಾಯಿಗೆ, ಶಾಲಿ ಚೀಲ ತಂದಿಗೆ ಅಂತ ಬರದೀನಿ. ಇಬ್ಬರಿಗೂ ಚೀಲಾನ ಬೇಕಂತ.”

ತಾಯಿಯವರು ಕೈ ಚಾಚಿದರು. ವಕೀಲರು ಕಾಗದಗಳನ್ನು ಕೊಟ್ಟರು. ಅವರು ಒಂದೊಂದೇ ಹಾಳೆ ತಿರುವಿದರು, ಮತ್ತೆ ಮೊದಲಿನಿಂದ ನೋಡಿದರು.

“ಇದರಾಗ ಕೂಸಿನ ಹೆಸರು ಎಲ್ಲೈತಿ, ತಮ್ಮಾ?”

ವಕೀಲರು ಕಾಗದ ತೆಗೆದುಕೊಂಡು ಹುಡುಕಿದರು. ‘ಮಗು’ ಎಂದಿತ್ತು, ‘ಮೃತ ಮಗು’ ಎಂದಿತ್ತು. ಹೆಸರಿರಲಿಲ್ಲ. ನೆನಪಿನಿಂದ ಹೇಳೋಣವೆಂದರೆ ನೆನಪೂ ಬರಲಿಲ್ಲ. ಆರು ಸಲ ಕೂತಿದ್ದರೂ ಅವರು ಅದನ್ನು ಕೇಳಿಯೇ ಇರಲಿಲ್ಲ.

ಫಕೀರೇಶ ನೆಲ ನೋಡುತ್ತ ನುಡಿದ: “ಭಾಗೀರಥಿ.”

ಎರಡು ವರ್ಷದಿಂದ ಆ ಹೆಸರು ಆತನ ಬಾಯಲ್ಲಿ ಬಂದಿರಲಿಲ್ಲ. ಗಂಡನ ದನಿಯಲ್ಲಿ ಅದನ್ನು ಕೇಳಿದ ನೀಲಾಂಬಿಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಲ್ಲಿ ಒಂದು ಮಾತು ಹೇಳಬೇಕು. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಹೊರಗೆ ಬರಬಾರದು. ಆ ದಂಪತಿಗಳ ಅನುಮತಿ ಪಡೆದು, ಅವರೂ ವಕೀಲರೂ ಹೇಳಿದ್ದನ್ನು ದಂಪತಿಗಳ ಹೆಸರುಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಮಗುವಿನ ಹೆಸರನ್ನು ಮಾತ್ರ ಬದಲಿಸಬೇಡಿರೆಂದು ಇಬ್ಬರೂ ಬೇರೆ ಬೇರೆಯಾಗಿ ಕೇಳಿಕೊಂಡರು.

“ನಾನು ಆಕಿನ್ನ ನೋಡಿಲ್ಲ,” ಎಂದರು ತಾಯಿಯವರು. “ಹ್ಯಾಂಗಿದ್ಳು, ಹೇಳ್ರಿ.”

ಮೊದಲು ನೀಲಾಂಬಿಕಾ ಹೇಳತೊಡಗಿದಳು. ಆರು ವರ್ಷ. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಶೇಂಗಾ ಹೋಳಿಗೆ ಎಂದರೆ ಊಟ ಬಿಡುತ್ತಿದ್ದಳು. ‘ಹೋಳಿಗಿ ಅಲ್ಲ, ಅದರೊಳಗಿನ ಹೂರಣ ಅಷ್ಟ’ ಎಂದು ಫಕೀರೇಶ ತಿದ್ದಿದ. ಆಕೆ ಹೌದೆಂದು ತಲೆಯಾಡಿಸಿದಳು. ಹೀಗೆ ಹೊತ್ತು ಏರಿತು. ವಕೀಲರು ಯಾವಾಗಲೋ ನೆಲದ ಮೇಲೆ ಕೂತಿದ್ದರು.

ಮಾತು ಮಗು ತೀರಿಕೊಂಡ ದಿನಕ್ಕೆ, ಬೀಗರ ಮನೆಯ ಮದುವೆಯ ದಿನಕ್ಕೆ ಬಂದು ನಿಂತಿತು. ಆ ಮನೆಯ ಹಿತ್ತಿಲಲ್ಲಿದ್ದ ನೀರಿನ ಹೊಂಡದಲ್ಲಿ ಮಗು ಬಿದ್ದಿತ್ತು. ಮಗು ನಿನ್ನ ಹತ್ತಿರವಿತ್ತು ಎಂದು ಆತ, ನಿನ್ನ ಹತ್ತಿರವಿತ್ತು ಎಂದು ಈಕೆ. ಅರ್ಜಿಯಲ್ಲಿ, ತಕರಾರಿನಲ್ಲಿ, ಬಂಧುಗಳ ಪಂಚಾಯಿತಿಯಲ್ಲಿ ಎಲ್ಲೆಡೆ ಇದೇ ಮಾತು.

ಫಕೀರೇಶನ ದನಿ ಇಳಿಯಿತು. “ನನ್ನ ಹತ್ರ ಬಂದಿದ್ಳ್ರಿ ಅವ್ವಾರ. ಅಂಗಿ ಹಿಡದು ಜಗ್ಗಿದ್ಳು. ಮಂದಿ ಜೋಡಿ ಮಾತಾಡಾಕತ್ತಿದ್ದೆ. ಅವ್ವನ ಹತ್ರ ಹೋಗು ಅಂದೆ. ಯಾರ ಮುಂದೂ ಹೇಳಿಲ್ಲ.”

ನೀಲಾಂಬಿಕಾ ಮೊದಲ ಬಾರಿಗೆ ಗಂಡನತ್ತ ತಿರುಗಿದಳು. “ನನ್ನ ಹತ್ರಾನೂ ಬಂದಿದ್ಳು. ನನ್ನ ಕೈಯಾಗ ಮಂದಿಗೆ ಹಂಚೋ ಅಕ್ಕಿಕಾಳಿನ ತಾಟು ಇತ್ತು. ಅಪ್ಪನ ಹತ್ರ ಹೋಗು ಅಂದೆ.”

ಇಬ್ಬರೂ ಅತ್ತರು. ಮಗು ಹೋದ ದಿನದಿಂದ ಅವರು ಜೊತೆಯಾಗಿ ಅತ್ತದ್ದು ಅದೇ ಮೊದಲು. ತಾಯಿಯವರು ಸಮಾಧಾನ ಹೇಳಲಿಲ್ಲ. ಅಳು ತಾನಾಗಿ ತಗ್ಗಿದ ಮೇಲೆ ಒಂದೇ ಮಾತು ಆಡಿದರು: “ಇಬ್ಬರ ಹೆಗಲ ಮ್ಯಾಲೂ ಐತಿ. ಒಬ್ಬರ ಮ್ಯಾಲೊಬ್ಬರು ಹೊರಸಬ್ಯಾಡ್ರಿ.”

ಅವರು ಮತ್ತೆ ಕೂಡಿ ಬಾಳಿದರೆಂದು ಬರೆಯುವ ಆಸೆ ನನಗೂ ಇದೆ. ಹಾಗಾಗಲಿಲ್ಲ. ಒಂದೇ ಸೂರಿನಡಿ ಇರಲು ಇಬ್ಬರಿಗೂ ಆಗದೆಂದರು. ಕ್ರೌರ್ಯದ ಆರೋಪಗಳನ್ನು ಇಬ್ಬರೂ ಹಿಂದೆಗೆದುಕೊಂಡು ಪರಸ್ಪರ ಒಪ್ಪಿಗೆಯಿಂದ ಬೇರೆಯಾದರು. ಚೀಲ ಆಕೆಯ ಬಳಿಯಿರಲಿ ಎಂದು ಫಕೀರೇಶನೇ ಹೇಳಿದ. ಅದರೊಳಗಿದ್ದ ಕಾಪಿ ಪುಸ್ತಕವನ್ನು ಆಕೆ ಆತನಿಗೆ ಕೊಟ್ಟಳು. ಅಂದು ಮಧ್ಯಾಹ್ನ ಆಕೆಯ ಬಸ್ಸು ಹೊರಡುವವರೆಗೂ ಆತ ನಿಲ್ದಾಣದಲ್ಲಿ ನಿಂತಿದ್ದನಂತೆ.

ಅಂದು ದಂಪತಿಗಳು ಹೊರಟ ಮೇಲೂ ವಕೀಲರು ಕೋಣೆಯಲ್ಲೇ ಉಳಿದರು. “ಅವರು ಕೂಡಲಿಲ್ಲಲ್ರಿ, ತಾಯಿ” ಎಂದರು. ಬರುವಾಗ ಅಮ್ಮಾರ ಎಂದಿದ್ದವರು ಈಗ ತಾಯಿ ಎಂದಿದ್ದರು.

“ಕೂಡಸಾಕ ನಾವ್ಯಾರು, ತಮ್ಮಾ? ಅಳಾಕ ಒಂದು ಜಾಗ ಬೇಕಾಗಿತ್ತು.”

ವಕೀಲರು ತಲೆಬಾಗಿ ಅವರ ಪಾದ ಮುಟ್ಟಿದರು. ಎದ್ದಾಗ ಅವರ ಕನ್ನಡಕ ಒದ್ದೆಯಾಗಿತ್ತು.

ತಾಯಿಯವರು ಲಿಂಗೈಕ್ಯರಾಗಿ ಒಂದು ವರ್ಷವಾಯಿತು. ಬೇಗ ಮುಗಿಸುವ ಕೀರ್ತಿ ರಾಚಪ್ಪನವರಿಗೆ ಈಗಿಲ್ಲ. ಅವರ ಮುಂದೆ ಬರುವ ಪ್ರಕರಣಗಳು ಎಷ್ಟೋ ಸಲ ಅವಧಿ ಮೀರುತ್ತವೆ. ಇನ್ನಷ್ಟು ಸಮಯ ಬೇಡಿ ನ್ಯಾಯಾಧೀಶರ ಮುಂದೆ ಅವರೇ ಹೋಗಿ ಕೈಮುಗಿದು ನಿಲ್ಲುತ್ತಾರೆ. ಏಕೆ ತಡವಾಯಿತೆಂದು ಕೇಳಿದರೆ, “ಅವರು ಇನ್ನೂ ಹೇಳಾಕತ್ತಾರ್ರಿ, ಸ್ವಾಮಿ” ಎನ್ನುತ್ತಾರೆ.