ಎರಡಕ್ಕೂ ಒಗ್ಗುವ ಸೈಕಲ್

“ಗುರುಗಳೇ, ನಾನು ದುಡುಕಿ ಏನನ್ನೂ ಆರಿಸಿಕೊಂಡವನಲ್ಲ. ಉದ್ಯೋಗ, ಮನೆ, ಓದು, ಒಡನಾಟ, ಎಲ್ಲವನ್ನೂ ಅಳೆದು ತೂಗಿಯೇ ಇಟ್ಟುಕೊಂಡಿದ್ದೇನೆ. ಯಾವುದರಲ್ಲೂ ತಪ್ಪು ಕಾಣುವುದಿಲ್ಲ. ಆದರೂ ನನ್ನ ಜೊತೆಗೆ ಯಾರೂ ಇಲ್ಲ. ಇದೇಕೆ?”

ಹೀಗೆ ಕೇಳಿದವನು ಮೃತ್ಯುಂಜಯ. ಊರಿನ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ. ಸಂಜೆ ಅಡವಯ್ಯನವರ ಮಠಕ್ಕೆ ಬಂದು ಕೂರುವುದು ಅವನ ವಾಡಿಕೆ. ಉಳಿದ ಶಿಷ್ಯರು ಎದ್ದು ಹೋಗಿದ್ದರು. ಅಡವಯ್ಯನವರು ಈ ಕತೆ ಹೇಳಿದರು.

ಒಬ್ಬ ಗುಮಾಸ್ತನಿದ್ದ. ಅವನ ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಕಚೇರಿಗೆ ಬಸ್ಸಿನಲ್ಲಿ ಹೋಗುತ್ತಿದ್ದ. ಬಸ್ಸಿನಲ್ಲಿ ಗುರುತಿನವರು ಪಕ್ಕದಲ್ಲಿ ಕುಳಿತು ಅವಳ ಕಾಯಿಲೆಯ ವಿಷಯ ಕೇಳುತ್ತಿದ್ದರು. ಯಾವ ಆಸ್ಪತ್ರೆ, ಯಾವ ಡಾಕ್ಟರು, ಮೊದಲೇ ಗೊತ್ತಾಗಲಿಲ್ಲವೇ ಎಂದು ಕೇಳುತ್ತಿದ್ದರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಆದರೆ ಇವನಿಗೆ ಬಸ್ಸು ಬೇಡವಾಯಿತು. ಸೈಕಲ್ ಕೊಳ್ಳಬೇಕೆಂದುಕೊಂಡ.

ಭಾನುವಾರದ ಚಿಂತೆ ಬೇರೆ ಇತ್ತು. ಆ ದಿನ ಮನೆ ತೀರ ದೊಡ್ಡದಾಗಿ ಕಾಣುತ್ತಿತ್ತು. ಸೈಕಲ್ ಇದ್ದರೆ ಊರಾಚೆ ಹೋಗಬಹುದು, ಹೋಗುವವರ ಜೊತೆ ಸೇರಬಹುದು ಎಂಬ ಆಸೆ ಅವನದು.

ಅಂಗಡಿಯಾತ ಕೇಳಿದ, “ಯಾತಕ್ಕೆ ಬೇಕು?”

“ಕಚೇರಿಗೂ ಆಗಬೇಕು, ರಜೆಯ ದಿನ ತಿರುಗಾಡಲಿಕ್ಕೂ ಆಗಬೇಕು.”

ಅಂಗಡಿಯಾತ ಸೈಕಲ್‌ಗಳನ್ನು ಹೊರಗೆ ತೆಗೆದು ನಿಲ್ಲಿಸಿದ. ಒಂದಕ್ಕೆ ತೆಳು ಟೈರು. ಡಾಂಬರಿನ ಮೇಲೆ ಬಾಣದಂತೆ ಹೋಗುತ್ತದೆ, ಆದರೆ ಬೆನ್ನು ಬಾಗಿಸಿ ಕೂರಬೇಕು, ಗುಂಡಿ ಬಿದ್ದ ಬೀದಿಯಲ್ಲಿ ಮೈ ನೋಯುತ್ತದೆ. ಇನ್ನೊಂದಕ್ಕೆ ದಪ್ಪ ಟೈರು. ಗುಡ್ಡ ಹತ್ತುತ್ತದೆ, ಆದರೆ ಊರೊಳಗೆ ಭಾರ. ಇವೆರಡರ ನಡುವಿನದು ಹೈಬ್ರಿಡ್. ಟೈರು ಹದವಾದದ್ದು, ಹ್ಯಾಂಡಲ್ ನೇರ, ಬೆನ್ನು ನೆಟ್ಟಗಿಟ್ಟು ಸುತ್ತ ನೋಡುತ್ತಾ ಹೋಗಬಹುದು. ಮಡ್‌ಗಾರ್ಡ್ ಇದೆ, ಚೀಲ ಇಡಲು ಕ್ಯಾರಿಯರ್ ಕೂರುತ್ತದೆ.

ಗುಮಾಸ್ತ ಅವಸರ ಮಾಡಲಿಲ್ಲ. ಹಲವು ಸಂಜೆ ಅಂಗಡಿಗೆ ಬಂದ. ಸೈಕಲ್ಲಿನ ಎರಡೂ ಬದಿಗೆ ಕಾಲೂರಿ ನಿಂತು ಎತ್ತರ ನೋಡಿದ. ಪೆಡಲ್ ಕೆಳಗಿರುವಾಗ ಕಾಲು ಎಷ್ಟು ಮಡಚುತ್ತದೆಂದು ನೋಡಿದ. ಮುಂದೆ ಸ್ಪ್ರಿಂಗ್ ಇರುವುದು ಬೇಕೇ ಎಂದು ಕೇಳಿ, ಊರಿನ ದಾರಿಗೆ ಅದು ಬರೀ ಭಾರವೆಂದು ತಿಳಿದು ಬಿಟ್ಟ. ಮಳೆಗಾಲಕ್ಕೆಂದು ಡಿಸ್ಕ್ ಬ್ರೇಕ್ ಇರುವುದನ್ನೇ ಹಿಡಿದ. ಅಂಗಡಿಯ ಸುತ್ತ ಓಡಿಸಿ ನೋಡಿದ ಮೇಲೆಯೇ ಕೊಂಡ. ಮೃತ್ಯುಂಜಯ, ಅವನ ಆಯ್ಕೆ ತಪ್ಪಾಗಿರಲಿಲ್ಲ. ಅವನ ಜಾಗದಲ್ಲಿ ನೀನಿದ್ದರೂ ಅದನ್ನೇ ಆರಿಸುತ್ತಿದ್ದೆ.

ಕಚೇರಿಗೆ ಹೋಗುವುದು ಸುಖವಾಯಿತು. ದಾರಿಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ.

ಭಾನುವಾರ ಹೆದ್ದಾರಿಯಲ್ಲಿ ಹೋಗುವ ಒಂದು ಗುಂಪಿತ್ತು. ಅವರದೆಲ್ಲ ತೆಳು ಟೈರು. ಇವನು ಅವರ ಜೊತೆ ಹೊರಟ. ಊರು ದಾಟುವ ಹೊತ್ತಿಗೆ ಹಿಂದೆ ಬಿದ್ದ. ಅವರು ಚಹಾದಂಗಡಿಯಲ್ಲಿ ಕಾದು ಕುಳಿತಿದ್ದರು. “ಬನ್ನಿ ಬನ್ನಿ, ಅವಸರವೇನಿಲ್ಲ” ಎಂದರು. ಅವರ ಚಹಾ ಮುಗಿದಿತ್ತು. ಇವನು ಬಿಸಿ ಚಹಾವನ್ನು ಬೇಗ ಬೇಗ ಕುಡಿದ. ಮುಂದಿನ ವಾರವೂ ಹಾಗೆಯೇ ಆಯಿತು. ಆಮೇಲೆ ಅವನು ಆ ಗುಂಪಿಗೆ ಹೋಗಲಿಲ್ಲ.

ಗುಡ್ಡಕ್ಕೆ ಹೋಗುವವರು ಬೇರೆ ಇದ್ದರು. ಅಲ್ಲಿ ಇವನ ಟೈರು ಗರಸಿನ ಸಣ್ಣಕಲ್ಲುಗಳ ಮೇಲೆ ಜಾರಿತು. ಮೊಣಕೈ ತರಚಿತು. ಒಬ್ಬ ಗಾಯ ತೊಳೆದು, “ಈ ಸೈಕಲ್ ಇಲ್ಲಿಗೆ ಆಗುವುದಿಲ್ಲ ಸರ್” ಎಂದ. ಉಳಿದವರು ಮೇಲೆ ಹತ್ತಿ ಹೋದರು.

ಗುಮಾಸ್ತ ಸೈಕಲ್ಲನ್ನು ಅಂಗಡಿಗೆ ಒಯ್ದ. ಬದಲಾಯಿಸಿ ಕೊಡುತ್ತೀರಾ ಎಂದು ಕೇಳಿದ.

“ಏನು ತೊಂದರೆ?” ಎಂದ ಅಂಗಡಿಯಾತ.

“ಸೈಕಲ್ಲಿಗೆ ತೊಂದರೆಯಿಲ್ಲ. ಜೊತೆ ಸಿಗುತ್ತಿಲ್ಲ.”

ಅಂಗಡಿಯಾತ ಚೈನಿಗೆ ಎಣ್ಣೆ ಬಿಟ್ಟು ಕಳಿಸಿದ.

ಅಂದಿನಿಂದ ಅವನು ಒಬ್ಬನೇ ಹೋಗತೊಡಗಿದ. ಬೆಳಿಗ್ಗೆ ಹೊರಟು, ಹೊಲಗಳ ನಡುವಿನ ದಾರಿಯಲ್ಲಿ ಎಲ್ಲಿಯಾದರೂ ನಿಂತು, ಕಟ್ಟಿಕೊಂಡ ಬುತ್ತಿ ತಿಂದು, ಬಿಸಿಲೇರುವ ಮೊದಲು ತಿರುಗುತ್ತಿದ್ದ. ಕೆಲವು ವಾರ ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನ ತನಕ ಅವನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ.

ಒಂದು ಭಾನುವಾರ ಅಂಥ ದಾರಿಯಲ್ಲಿ ಟೈರಿಗೆ ಜಾಲಿ ಮುಳ್ಳು ಚುಚ್ಚಿತು. ಪಂಕ್ಚರ್ ಹಾಕುವ ಅಂಗಡಿ ಇದ್ದದ್ದು ದೂರದ ಹೆದ್ದಾರಿಯಲ್ಲಿ. ಅವನು ಸೈಕಲ್ ತಳ್ಳಿಕೊಂಡು ನಡೆದ. ಎದುರಿಗೆ ಹಾಲಿನವನೊಬ್ಬ ಹಳೆಯ ಸೈಕಲ್ಲಿನಲ್ಲಿ ಬಂದ. ಖಾಲಿ ಕ್ಯಾನುಗಳನ್ನು ಎರಡೂ ಕಡೆ ತೂಗುಹಾಕಿದ್ದ. ಗಾಲಿಯನ್ನು ನೋಡಿ ಕೆಳಗಿಳಿದ. ತನ್ನ ಸೈಕಲ್ಲನ್ನು ತಿರುಗಿಸಿಕೊಂಡು ಪಕ್ಕದಲ್ಲಿ ನಡೆಯತೊಡಗಿದ.

ಗುಮಾಸ್ತ, “ನೀವು ಯಾಕೆ ನಡೆಯುತ್ತೀರಿ? ನಿಮ್ಮದು ಸರಿಯಾಗಿದೆಯಲ್ಲ” ಎಂದ.

“ಬಿಸಿಲಾಗ ಒಬ್ಬರೇ ನಡದ್ರ ದಾರಿ ಭಾಳ ಉದ್ದ ಆಗ್ತದ್ರಿ.”

ಹಾಲಿನವ ಏನನ್ನೂ ಕೇಳಲಿಲ್ಲ. ತನ್ನ ಎಮ್ಮೆ ಈದ ಸಂಗತಿ ಹೇಳಿದ. ಕರು ಮೊಲೆ ಹಿಡಿಯದೆ ಮನೆಯವರೆಲ್ಲ ಒದ್ದಾಡಿದ್ದನ್ನು ಹೇಳಿದ. ಕೇಳುತ್ತಾ ಕೇಳುತ್ತಾ ಗುಮಾಸ್ತ ತಾನಾಗಿ ಹೆಂಡತಿಯ ಮಾತು ತೆಗೆದ. ಬಸ್ಸಿನಲ್ಲಿ ಯಾರಿಗೂ ಹೇಳದಿದ್ದುದನ್ನು ಹೇಳಿದ. ಕೊನೆಯ ದಿನ ಅವಳು ನೀರು ಕೇಳಿದ್ದಳು. ಡಾಕ್ಟರು ಕೊಡಬೇಡಿ ಎಂದಿದ್ದರು. ಇವನು ಕೊಡಲಿಲ್ಲ.

ಹಾಲಿನವ ಹೆಜ್ಜೆ ನಿಧಾನ ಮಾಡಿದ.

ಹೆದ್ದಾರಿ ಬಂತು. ಹಾಲಿನವ ಸೈಕಲ್ ಹತ್ತಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋದ. ಹೆಸರು ಕೇಳಬೇಕಿತ್ತೆಂದು ಗುಮಾಸ್ತನಿಗೆ ಹೊಳೆಯುವಷ್ಟರಲ್ಲಿ ಅವನು ದೂರವಾಗಿದ್ದ.

ಆಮೇಲಿನ ಭಾನುವಾರಗಳಲ್ಲಿ ಗುಮಾಸ್ತ ಆ ದಾರಿಯನ್ನು ಬಿಡಲಿಲ್ಲ. ಎದುರಿಗೆ ಸೈಕಲ್ ಬಂದಾಗಲೆಲ್ಲ ಮುಖ ನೋಡುತ್ತಿದ್ದ. ಹಾಲಿನವ ಸಿಗಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ವಿಚಾರಿಸಿದ. ಹೋದ ಕಡೆಯಲ್ಲೆಲ್ಲ ಎಮ್ಮೆಯಿದ್ದವರು ಇದ್ದರು, ಹಾಲು ಹಾಕುವವರು ಇದ್ದರು. ಕೊನೆಗೆ ಒಂದು ಡೈರಿಯ ಮುಂದೆ ಕ್ಯಾನು ತೊಳೆಯುತ್ತಿದ್ದವನನ್ನು ಕಂಡು ಗುರುತು ಹಿಡಿದ. ಅವನ ಹೆಸರು ಫಕೀರಪ್ಪ. ಗುಮಾಸ್ತ ಅವನ ಮುಂದೆ ನಿಂತ.

“ಮುಳ್ಳು ಚುಚ್ಚಿದ ದಿನ ನೀವು ನನ್ನ ಜೊತೆ ಹೆದ್ದಾರಿಯ ತನಕ ನಡೆದಿದ್ದಿರಿ. ನೆನಪಾಯಿತೇ?”

ಫಕೀರಪ್ಪ ಕೈ ಒರೆಸಿಕೊಂಡು ಅವನ ಮುಖ ನೋಡಿದ, ಸೈಕಲ್ಲನ್ನೂ ನೋಡಿದ.

“ಇರಬಹುದ್ರಿ. ನನಗ ನೆನಪಿಲ್ಲ. ತಪ್ಪು ತಿಳ್ಕೋಬ್ಯಾಡ್ರಿ.”

“ನನ್ನ ಹೆಂಡತಿಯ ವಿಷಯ ಹೇಳಿದ್ದೆ.”

ಫಕೀರಪ್ಪ ಮತ್ತೊಮ್ಮೆ ಯೋಚಿಸಿದ. ನೆನಪಾಗಲಿಲ್ಲ. ಅವನಿಗೇ ಸಂಕೋಚವಾಯಿತು. ಚಹಾ ತರಿಸುತ್ತೇನೆ, ಕುಳಿತುಕೊಳ್ಳಿ ಎಂದ. ಗುಮಾಸ್ತ ಬೇಡವೆಂದು ಕೈಮುಗಿದು ಹೊರಟ. ಸೈಕಲ್ ಹಗುರವಾಗಿತ್ತು, ದಾರಿ ಚೆನ್ನಾಗಿತ್ತು, ಗಾಳಿಯೂ ಹಿಂದಿನಿಂದ ಬೀಸುತ್ತಿತ್ತು. ಆದರೂ ಅವನಿಗೆ ಪೆಡಲ್ ತುಳಿಯಲಾಗಲಿಲ್ಲ. ಒಂದು ಹೊಲದ ಬದುವಿನ ಮೇಲೆ ಬಹಳ ಹೊತ್ತು ಕುಳಿತಿದ್ದು ಮನೆಗೆ ಬಂದ.

ಅಡವಯ್ಯನವರು ಕತೆ ನಿಲ್ಲಿಸಿದರು.

“ಗುರುಗಳೇ, ಇದು ಅನ್ಯಾಯವಲ್ಲವೇ?” ಎಂದು ಮೃತ್ಯುಂಜಯ ಕೇಳಿದ. “ಇವನು ಆ ಒಂದು ಜೊತೆಗಾಗಿ ಅಷ್ಟು ಅಲೆದ. ಆ ಮನುಷ್ಯನಿಗೆ ಇವನ ಮುಖವೂ ನೆನಪಿಲ್ಲ. ಇಂಥ ಜೊತೆಗೆ ಏನು ಬೆಲೆ?”

ಅಡವಯ್ಯನವರು ಹೇಳಿದರು, “ದಿನವೂ ಸೈಕಲ್ಲಿನಿಂದ ಇಳಿಯುವವನು ಯಾರಿಗಾಗಿ ಇಳಿದೆನೆಂದು ನೆನಪಿಟ್ಟುಕೊಳ್ಳುವುದಿಲ್ಲ. ನೀನು ಯಾರಿಗಾಗಿ ಇಳಿದಿದ್ದೀ?”